ವೆಸ್ಟ್ ಬ್ಯಾಂಕ್ ತಡೆಗೋಡೆಯ ಮ್ಯಾಪ್: ಮೂರು ಮ್ಯಾಪಿನಲ್ಲಿ ಮೂರು ಗೆರೆ, ಯಾವುದನ್ನು ಪ್ರಿಂಟ್ ಹಾಕಿಸುದು?

ಪ್ರಶ್ನೆ: ನಾನು ಉಡುಪಿಯ ಒಂದು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವಳು. ಮಕ್ಕಳ ಎಕ್ಸಿಬಿಷನ್‌ಗೆ ಇಸ್ರೇಲ್ ಕಟ್ಟಿದ ವೆಸ್ಟ್ ಬ್ಯಾಂಕ್ ತಡೆಗೋಡೆಯ ಮ್ಯಾಪನ್ನು ಮೂರು ಅಡಿ ಎತ್ತರದ ಫ್ಲೆಕ್ಸ್ ಮಾಡಿಸುವ ಅಂತ ಉಂಟು. ನೆಟ್ಟಿನಲ್ಲಿ ಸಿಕ್ಕಿದ ಮೂರು ಮ್ಯಾಪ್ ಕಳಿಸಿದ್ದೇನೆ. ಒಂದರಲ್ಲಿ ಶೇ. 16ರಷ್ಟು ಜಾಗ ಗೋಡೆಯ ಆಚೆ ಹೋಗಿದೆ ಅಂತ ಉಂಟು, ಇನ್ನೊಂದರಲ್ಲಿ ಶೇ. 9 ಅಂತ, ಮೂರನೇದ್ರಲ್ಲಿ ಪೂರ್ವಕ್ಕೆ ಜೋರ್ಡಾನ್ ಕಣಿವೆಯ ಬದಿಯಲ್ಲೂ ಗೋಡೆ ಕಾಣ್ತದೆ. ಯಾವುದು ಸರಿ? ಸೋರ್ಸ್ ಅಂತ ಎಂತ ಬರೆಯುದು? ಪಕ್ಕದಲ್ಲಿ ನಮ್ಮ ದೇಶದ ಗಡಿಬೇಲಿಯ ಮ್ಯಾಪೂ ಹಾಕುವ ಅಂತ ಮಕ್ಕಳು ಹೇಳ್ತಿದ್ದಾರೆ, ತೊಂದರೆ ಇಲ್ಲ ಅಲ್ವಾ?

ಉತ್ತರ: ಮೇಡಂ, ಮೂರೂ ಮ್ಯಾಪನ್ನು ಝೂಮ್ ಮಾಡಿ ಸರೀ ನೋಡಿದೆ. ಮೂರರಲ್ಲಿ ಯಾವುದೂ ಯಾರೋ ಕೂತು ಸುಳ್ಳು ಹೇಳ್ಲಿಕ್ಕೆ ಮಾಡಿದ್ದು ಅಂತ ನನಗೆ ಅನಿಸುದಿಲ್ಲ. ಆದರೆ ಮೂರರಲ್ಲೂ ತಾರೀಕು ಇಲ್ಲ, ಯಾವ ಗೆರೆ ಕಟ್ಟಿ ಆದದ್ದು ಯಾವುದು ಬರೀ ಪ್ಲಾನು ಅಂತ ಬೇರೆ ಮಾಡಿ ತೋರಿಸಿಲ್ಲ, ಗೆರೆಯನ್ನು ಅಳತೆ ಮಾಡಿದ್ದು ಯಾರು ಅಂತಲೂ ಇಲ್ಲ, ಹಾಗಾಗಿ ಈ ಮೂರರಲ್ಲಿ ಒಂದನ್ನೂ ಹಾಗೆ ಹಾಗೇ ಪ್ರಿಂಟ್ ಹಾಕಿಸ್ಬೇಡಿ. ನಾನು ಮಂಗಳೂರಿನಲ್ಲಿ ಜಿಐಎಸ್, ಅಂದ್ರೆ ಕಂಪ್ಯೂಟರಿನಲ್ಲಿ ಮ್ಯಾಪ್ ಮಾಡುವ ಕೆಲಸದವ, ರಸ್ತೆ, ತೋಡು, ವಾರ್ಡಿನ ಗಡಿ ಅಂತ ದಿನಾ ಗೆರೆ ಎಳೆಯುದೇ ಕೆಲಸ. ಜಗಳ ಇರುವ ಜಾಗದ ಮ್ಯಾಪ್ ಬಂದಾಗ ನಾವು ಮೊದಲು ಕೇಳುದು ಇದು ಯಾವ ದಿನದ್ದು ಅಂತ, ಆಮೇಲೆ ಉಳಿದದ್ದು.

ಶೇಕಡಾದ ವಿಷಯ ಮೊದಲು ಹೇಳ್ತೇನೆ. ಎರಡನೇ ಇಂತಿಫಾದಾದ, ಅಂದ್ರೆ ಇಸ್ರೇಲ್ ವಿರುದ್ಧ ಪ್ಯಾಲೆಸ್ಟೀನಿಯರ ಎರಡನೇ ದಂಗೆಯ, ಆತ್ಮಾಹುತಿ ಬಾಂಬ್ ದಾಳಿಗಳು ಜೋರಾಗಿದ್ದ ಹೊತ್ತಲ್ಲಿ, 2002ರಲ್ಲಿ, 1967ರಿಂದ ತನ್ನ ಹಿಡಿತದಲ್ಲಿರುವ ಪ್ಯಾಲೆಸ್ಟೀನಿಯರ ವೆಸ್ಟ್ ಬ್ಯಾಂಕಿನ ಬದಿಯಲ್ಲಿ ಇಸ್ರೇಲ್ ಈ ತಡೆಗೋಡೆ ಕಟ್ಲಿಕ್ಕೆ ಶುರು ಮಾಡಿದ್ದು. ಪೂರ್ತಿ ರೂಟಿಗೆ ಅವರ ಕ್ಯಾಬಿನೆಟ್ ಒಪ್ಪಿಗೆ ಕೊಟ್ಟದ್ದು 2003ರ ಅಕ್ಟೋಬರ್ 1ಕ್ಕೆ, ಅದೇ ತಿಂಗಳು 23ಕ್ಕೆ ರಕ್ಷಣಾ ಇಲಾಖೆ ಅದರ ವಿವರ ಹೊರಗೆ ಬಿಟ್ಟಿತು. ಆ ರೂಟ್ ಪೂರ್ತಿ ಕಟ್ಟಿ ಆಗಿದ್ದರೆ ವೆಸ್ಟ್ ಬ್ಯಾಂಕಿನ ಸುಮಾರು 975 ಚದರ ಕಿ.ಮೀ., ಅಂದ್ರೆ ಶೇ. 16.6 ಜಾಗ ಗೋಡೆಗೂ ಗ್ರೀನ್ ಲೈನಿಗೂ (1949ರ ಕದನವಿರಾಮ ರೇಖೆ) ನಡುವೆ ಸಿಕ್ಕಿ ಬೀಳ್ತಿತ್ತು. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯ ವರದಿಯಲ್ಲಿ ಇದ್ದ ಲೆಕ್ಕ ಇದು, ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ 2004ರ ಜುಲೈ 9ರ ಸಲಹಾ ಅಭಿಪ್ರಾಯದಲ್ಲಿ ಇದನ್ನೇ ತೆಗೊಂಡಿತು. ನಿಮ್ಮ ಒಂದನೇ ಮ್ಯಾಪಿನ 16 ಅಲ್ಲಿಂದ ಬಂದದ್ದು. ಆಮೇಲೆ ರೂಟ್ ಬದಲಾಯ್ತು, 2005ರ ಫೆಬ್ರವರಿಯಲ್ಲಿ ಒಮ್ಮೆ, 2006ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ, ಮಧ್ಯದಲ್ಲಿ ಇಸ್ರೇಲಿನ ಹೈಕೋರ್ಟಿನ ತೀರ್ಪುಗಳೂ ಬಂದವು. ಈಗ ವಿಶ್ವಸಂಸ್ಥೆಯ ಮಾನವೀಯ ನೆರವಿನ ಕಚೇರಿ, ಎಲ್ಲರೂ ಓಚಾ ಅಂತ ಹೇಳ್ತಾರಲ್ಲ, ಅವರು ಕೊಡುವ ಲೆಕ್ಕ ಶೇ. 9.4. ಒಟ್ಟು ರೂಟಿನ ಉದ್ದ ಸುಮಾರು 712 ಕಿ.ಮೀ., ಗ್ರೀನ್ ಲೈನ್ ಸುಮಾರು 320, ಅಂದ್ರೆ ಡಬಲ್‌ಗಿಂತ ಜಾಸ್ತಿ, ಮತ್ತೆ ರೂಟಿನ ಶೇ. 85 ಭಾಗ ಗ್ರೀನ್ ಲೈನಿನ ಮೇಲೆ ಇಲ್ಲ, ವೆಸ್ಟ್ ಬ್ಯಾಂಕಿನ ಒಳಗೆ ಉಂಟು.

ಇಲ್ಲೊಂದು ವಿಷಯ ಗಮನಿಸಿ, 16 ಆಗ್ಲಿ 9.4 ಆಗ್ಲಿ, ಎರಡೂ ಪೂರ್ತಿ ಕಟ್ಟಿ ಆದ್ರೆ ಅನ್ನುವ ಲೆಕ್ಕ. ಇಪ್ಪತ್ತು ವರ್ಷ ದಾಟಿದ ಮೇಲೂ ಕಟ್ಟಿ ಆದದ್ದು ಮೂರನೇ ಎರಡು ಭಾಗದ ಹತ್ತಿರ ಹತ್ತಿರ. "ಶೇ. 9 ಜಾಗ ಆಚೆ ಹೋಗಿದೆ" ಅಂತ ನಿಮ್ಮ ಎರಡನೇ ಮ್ಯಾಪಿನಲ್ಲಿ ಬರೆದದ್ದು ಹಾಗಾಗಿ ತಪ್ಪು, "ಹೋಗ್ತದೆ, ಪ್ಲಾನಿನ ಪ್ರಕಾರ ಕಟ್ಟಿ ಮುಗಿಸಿದ್ರೆ" ಅಂತ ಇರ್ಬೇಕಿತ್ತು. ಸಣ್ಣ ವಿಷಯ ಅಲ್ಲ ಇದು. ಆ ಒಂದು ಕ್ರಿಯಾಪದದಿಂದ ಊರಿಗೆ ಊರೇ ಮ್ಯಾಪಿನಲ್ಲಿ ಗೋಡೆಯ ಆಚೆ ಹೋಗಿಬಿಡ್ತದೆ. ಇಸ್ರೇಲ್ ಸರ್ಕಾರದ ಕಡೆಯಿಂದ ಬರುವ ಲೆಕ್ಕದಲ್ಲಿ ಶೇಕಡಾ ಇನ್ನೂ ಕಮ್ಮಿ ಕಾಣ್ತದೆ, ಯಾಕಂದ್ರೆ 1967ರ ನಂತರ ಅವರು ಜೆರುಸಲೇಮಿಗೆ ಸೇರಿಸಿಕೊಂಡ ಸುಮಾರು 70 ಚದರ ಕಿ.ಮೀ. ಪೂರ್ವ ಭಾಗವನ್ನು ಅವರು ವೆಸ್ಟ್ ಬ್ಯಾಂಕ್ ಅಂತ ಎಣಿಸುದೇ ಇಲ್ಲ. ಲಾತ್ರೂನ್ ಹತ್ತಿರ 1949ರಿಂದ ಎರಡು ಗೆರೆಗಳ ನಡುವೆ ಉಳಿದ ನೋ ಮ್ಯಾನ್ಸ್ ಲ್ಯಾಂಡ್ (ಯಾರಿಗೂ ಸೇರದ ಜಾಗ) ಒಂದುಂಟು, ಅದನ್ನು ಒಬ್ಬರು ಸೇರಿಸ್ತಾರೆ, ಒಬ್ಬರು ಬಿಡ್ತಾರೆ. ಭಾಗಿಸುವ ಕೆಳಗಿನ ಸಂಖ್ಯೆ, ಅಂದ್ರೆ ಒಟ್ಟು ಜಾಗ, ಬದಲಾದ್ರೆ ಶೇಕಡಾ ಬದಲಾಗ್ಲೇಬೇಕಲ್ಲ. ಹಾಗಾಗಿ ಶೇಕಡಾ ಬರೆಯುದಾದ್ರೆ ಯಾವುದರ ಶೇಕಡಾ ಅಂತಲೂ ಬರೀರಿ.

ಮೂರನೇ ಮ್ಯಾಪಿನ ಪೂರ್ವದ ಗೆರೆ. 2003ರ ಸುಮಾರಿಗೆ ಜೋರ್ಡಾನ್ ಕಣಿವೆಯ ಬದಿಯಲ್ಲೂ ಗೋಡೆ ಬರ್ತದೆ ಅಂತ ಭಾರೀ ಮಾತಿತ್ತು, ಆಗಿನ ಕೆಲವು ಸಂಘಟನೆಗಳ ಮ್ಯಾಪಿನಲ್ಲಿ ಅದನ್ನು ಮುಂದೆ ಬರಬಹುದಾದ ಗೋಡೆ ಅಂತ ತೋರಿಸಿದ್ರು. ಕ್ಯಾಬಿನೆಟ್ ಆ ಪೂರ್ವದ ರೂಟಿಗೆ ಒಪ್ಪಿಗೆ ಕೊಡ್ಲಿಲ್ಲ, ಕಟ್ಟಲೂ ಇಲ್ಲ. ಆದರೆ ಆ ಮ್ಯಾಪನ್ನು ಒಬ್ಬರು ಕಾಪಿ ಮಾಡಿ, ಅದನ್ನು ಇನ್ನೊಬ್ಬರು ಕಾಪಿ ಮಾಡಿ, ಹಾಗೆ ಮಾಡುವಾಗ ಯಾವ ಗೆರೆ ಎಂತ ಅಂತ ಬರೆದ ಲೆಜೆಂಡ್ ಕಟ್ ಆಗಿ ಹೋಗಿ, ಚುಕ್ಕಿಗೆರೆ ಇದ್ದದ್ದು ಗಟ್ಟಿ ಗೆರೆ ಆಗಿ, ಇವತ್ತಿಗೂ ತಿರುಗ್ತಾ ಉಂಟು. ಇದನ್ನು ಬಿಟ್ಟೇ ಬಿಡಿ.

ಈಗ ಸೋರ್ಸ್. ನೀವು "ಸೋರ್ಸ್: ಇಂಟರ್ನೆಟ್" ಅಂತ ಬರೆಯುವವರಲ್ಲ ಅಂತ ಗೊತ್ತು, ಕೇಳಿದ್ದರಲ್ಲೇ ಗೊತ್ತಾಗ್ತದೆ. ಆದರೆ ಯಾವ ಸೈಟಿನಿಂದ ಇಳಿಸಿದ್ದು ಅನ್ನುದು ಸೋರ್ಸ್ ಆಗುದಿಲ್ಲ, ನೆಲದ ಮೇಲೆ ಆ ಗೆರೆಯನ್ನು ಗುರುತಿಸಿದ್ದು ಯಾರು ಅನ್ನುದು ಸೋರ್ಸ್. ಈ ಗೋಡೆಯ ಮಟ್ಟಿಗೆ ಮೂಲ ಅಂತ ಇರುದು ಬೆರಳೆಣಿಕೆ ಮಾತ್ರ. ಒಂದು, ಇಸ್ರೇಲಿನ ರಕ್ಷಣಾ ಇಲಾಖೆ ಕೊಟ್ಟ ಅಧಿಕೃತ ರೂಟು, ಪ್ಲಾನ್ ಎಂತ ಅಂತ ತಿಳೀಲಿಕ್ಕೆ ಅದೇ ಆಧಾರ, ಬೇರೆ ದಾರಿ ಇಲ್ಲ. ಇನ್ನೊಂದು, ಓಚಾ, ಅವರು ಆ ರೂಟನ್ನು ಇಟ್ಟುಕೊಂಡು, ಸ್ಯಾಟಲೈಟ್ ಚಿತ್ರ ನೋಡಿ, ತಮ್ಮ ಜನ ಜಾಗಕ್ಕೆ ಹೋಗಿ, ಕಟ್ಟಿದ್ದು, ಕಟ್ತಾ ಇರುದು, ಪ್ಲಾನು ಅಂತ ಮೂರು ಮಾಡಿ ಕೊಡ್ತಾರೆ. ಬೆಟ್ಸೆಲೆಮ್ ಅಂತ ಇಸ್ರೇಲಿನದ್ದೇ ಮಾನವ ಹಕ್ಕು ಸಂಸ್ಥೆ ಉಂಟು, ಅವರದ್ದೂ ಒಳ್ಳೆ ಕೆಲಸ. ಪೇಪರಿನವರು, ಟೀವಿಯವರು, ಪುಸ್ತಕದವರು ಹಾಕುದು ಹೆಚ್ಚಾಗಿ ಇವುಗಳಲ್ಲಿ ಒಂದರ ಕಾಪಿ. ಹಾಗಾಗಿ "ಐದು ಕಡೆ ನೋಡಿದೆ, ಐದರಲ್ಲೂ ಒಂದೇ ತರ ಉಂಟು" ಅಂತ ಮಕ್ಕಳು ಹೇಳಿದ್ರೆ ಕೂಡ್ಲೇ ಖುಷಿ ಪಡ್ಬೇಡಿ, ಐದೂ ಒಂದೇ ಬೇರಿನಿಂದ ಬಂದದ್ದಾಗಿರಬಹುದು, ಆಗ ಅದು ಒಂದು ಸಾಕ್ಷಿ ಅಂತಲೇ ಲೆಕ್ಕ.

ಓಚಾದ ಮ್ಯಾಪನ್ನು ಇಸ್ರೇಲ್ ಪರ ಇರುವವರು ಏಕಪಕ್ಷೀಯ ಅಂತಾರೆ, ರಕ್ಷಣಾ ಇಲಾಖೆಯ ಮ್ಯಾಪನ್ನು ಪ್ಯಾಲೆಸ್ಟೀನ್ ಪರ ಇರುವವರು ನಂಬುದಿಲ್ಲ. ಆದರೆ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದ್ರೆ ಕಟ್ಟಿದ ಗೋಡೆ ಎಲ್ಲಿ ಉಂಟು ಅನ್ನುದರಲ್ಲಿ ದೊಡ್ಡ ಜಗಳ ಕಾಣುದಿಲ್ಲ, ಕಾಂಕ್ರೀಟ್ ಅಲ್ವಾ, ಇದ್ದಲ್ಲಿ ಇರ್ತದೆ. ಜಗಳ ಇರುದು ಅದು ಅಲ್ಲಿ ಇರಬಹುದಾ ಅಂತ. ದಾಳಿ ತಡೀಲಿಕ್ಕೆ ಬೇಕಾದ ತಾತ್ಕಾಲಿಕ ಭದ್ರತಾ ವ್ಯವಸ್ಥೆ, ಗಡಿ ಅಲ್ಲ ಅಂತ ಇಸ್ರೇಲ್ ಹೇಳುದು. ಆಕ್ರಮಿತ ನೆಲದ ಒಳಗೆ ಕಟ್ಟಿದ್ದು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧ ಅಂತ ಹೇಗ್ ಕೋರ್ಟ್ ಹೇಳಿದ್ದು. ಫ್ಲೆಕ್ಸಿನ ಬದಿಯಲ್ಲಿ ಈ ಎರಡನ್ನೂ ಎರಡೆರಡು ಸಾಲು ಬರೀರಿ, ಆದರೆ ಗೆರೆ ಎಳೆಯುವಾಗ ಮಾತ್ರ ಯಾರ ವಾದಕ್ಕೂ ಗೆರೆಯನ್ನು ಬಗ್ಗಿಸ್ಬಾರ್ದು, ನನಗೆ ಇದರಲ್ಲಿ ರಾಜಿ ಇಲ್ಲ.

ಗೋಡೆ ಬೇರೆ, ಗಡಿ ಬೇರೆ ಅನ್ನುದನ್ನು ಮಕ್ಕಳಿಗೆ ತಿಳಿಸ್ಲಿಕ್ಕೆ ನಿಮಗೆ ಕಷ್ಟ ಇಲ್ಲ. ನಮ್ಮ ಜಿಲ್ಲೆಗಳಲ್ಲಿ ವರ್ಗ ಜಾಗದ (ಸ್ವಂತ ಪಟ್ಟಾ ಜಾಗ) ಬದಿಯ ಕುಮ್ಕಿಯನ್ನೂ (ಸರ್ಕಾರಿ ಜಾಗ) ಸೇರಿಸಿ ಕಂಪೌಂಡ್ ಹಾಕಿದ ಮನೆ ಎಷ್ಟಿಲ್ಲ, ಕಂಪೌಂಡ್ ಇದ್ದಲ್ಲಿವರೆಗೆ ಆರ್‌ಟಿಸಿ ಉಂಟು ಅಂತ ಯಾರೂ ಒಪ್ಪುದಿಲ್ಲ, ಸರ್ವೆಯವರು ಬಂದು ಅಳೆದ್ರೆ ಗಡಿಕಲ್ಲು ಎಲ್ಲೋ ಒಳಗೆ ಇರ್ತದೆ. ಹಾಗಾಗಿ ಫ್ಲೆಕ್ಸಿನಲ್ಲಿ ಗೋಡೆ ಮಾತ್ರ ತೋರಿಸಿದ್ರೆ ಸಾಕಾಗುದಿಲ್ಲ, ಗ್ರೀನ್ ಲೈನೂ ಬೇಕೇ ಬೇಕು. ಅದು ಇಲ್ಲದಿದ್ರೆ ನೋಡಿದವರು ಗೋಡೆಯನ್ನೇ ಗಡಿ ಅಂತ ಎಣಿಸ್ತಾರೆ, ಶೇ. 85 ಒಳಗೆ ಉಂಟು ಅನ್ನುವ ಮುಖ್ಯ ವಿಷಯವೇ ಮಾಯ.

ಆದರೆ ಗ್ರೀನ್ ಲೈನ್ ಅಂದ್ರೂ ದಾರ ಕಟ್ಟಿದ ಹಾಗೆ ಸಪೂರ ಗೆರೆ ಅಲ್ಲ, ಇದರ ಕಥೆ ನನಗೆ ತುಂಬ ಇಷ್ಟ. 1948ರ ನವೆಂಬರ್ 30ಕ್ಕೆ ಜೆರುಸಲೇಮಿನ ಕದನವಿರಾಮಕ್ಕೆ ಇಸ್ರೇಲಿನ ಮೋಶೆ ದಯಾನ್, ಜೋರ್ಡಾನ್ ಕಡೆಯ ಅಬ್ದುಲ್ಲಾ ಅಲ್-ತಲ್ ಇಬ್ಬರು ಕಮಾಂಡರುಗಳು ಒಂದೇ ಮ್ಯಾಪಿನ ಮೇಲೆ ತಮ್ಮ ತಮ್ಮ ಸೈನ್ಯ ಇದ್ದ ಜಾಗಕ್ಕೆ ಗೆರೆ ಎಳೆದ್ರು, ಒಬ್ಬರದ್ದು ಹಸಿರು, ಇನ್ನೊಬ್ಬರದ್ದು ಕೆಂಪು, ಮೇಣದಂಥ ದಪ್ಪ ಪೆನ್ಸಿಲು. ಮ್ಯಾಪಿನ ಸ್ಕೇಲ್ 1:20,000. ಪೆನ್ಸಿಲಿನ ಗೆರೆ 3-4 ಮಿ.ಮೀ. ದಪ್ಪ ಅಂತ ಇಟ್ಟುಕೊಳ್ಳಿ, ನೆಲದಲ್ಲಿ ಅದು 60ರಿಂದ 80 ಮೀಟರ್ ಅಗಲ ಆಯ್ತು. ಆ ಅಗಲದ ಒಳಗೆ ಮನೆಗಳಿದ್ದವು, ಬೀದಿಗಳಿದ್ದವು. ಗೆರೆಯ ದಪ್ಪದೊಳಗೆ ಸಿಕ್ಕಿದ ಮನೆ ಯಾವ ಬದಿಯದ್ದು ಅಂತ ಆಮೇಲೆ ವರ್ಷಗಟ್ಟಲೆ ಜಗಳ. 1949ರ ಏಪ್ರಿಲ್ 3ಕ್ಕೆ ರೋಡ್ಸ್ ದ್ವೀಪದಲ್ಲಿ ಇಸ್ರೇಲ್-ಜೋರ್ಡಾನ್ ಒಪ್ಪಂದ ಆಯ್ತು, ಅದರಲ್ಲೂ ಇದು ಕದನವಿರಾಮ ರೇಖೆ, ಮುಂದಿನ ಗಡಿ ತೀರ್ಮಾನಕ್ಕೆ ಇದರಿಂದ ಬಾಧೆ ಇಲ್ಲ ಅಂತಲೇ ಇರುದು. ಹಾಗಾಗಿ ಲೆಜೆಂಡ್‌ನಲ್ಲಿ "1949ರ ಕದನವಿರಾಮ ರೇಖೆ" ಅಂತ ಬರೀರಿ.

ನಿಮ್ಮ ಫ್ಲೆಕ್ಸಿಗೂ ಇದೇ ಲೆಕ್ಕ ಹಾಕಿ ನೋಡುವ. ವೆಸ್ಟ್ ಬ್ಯಾಂಕ್ ಉತ್ತರ ದಕ್ಷಿಣ ಸುಮಾರು 130 ಕಿ.ಮೀ. ಉದ್ದ. ಮೂರು ಅಡಿಯಲ್ಲಿ ಕೂರಿಸಿದ್ರೆ 1 ಮಿ.ಮೀ. ಅಂದ್ರೆ ನೆಲದಲ್ಲಿ 140 ಮೀಟರಿಗಿಂತ ಜಾಸ್ತಿ. ಎಕ್ಸಿಬಿಷನ್ ಹಾಲ್‌ನ ಆ ಬದಿಯಿಂದ ಕಾಣ್ಲಿ ಅಂತ ಫ್ಲೆಕ್ಸಿನವರು 3 ಮಿ.ಮೀ. ಗೆರೆ ಎಳೆದ್ರೆ ಅದರ ಅಡಿಯಲ್ಲಿ 400 ಮೀಟರ್ ಮುಚ್ಚಿ ಹೋಯ್ತು. ತಡೆಗೋಡೆಯ ನಿಜವಾದ ಅಗಲ, ಬೇಲಿ, ಹೊಂಡ, ಗಸ್ತು ರಸ್ತೆ, ಹೆಜ್ಜೆ ಗುರುತು ನೋಡ್ಲಿಕ್ಕೆ ಹೊಯ್ಗೆ ಹಾಕಿದ ಪಟ್ಟಿ ಎಲ್ಲ ಸೇರಿ ಸರಾಸರಿ 60 ಮೀಟರ್. ಫೋಟೋದಲ್ಲಿ ನಾವು ನೋಡುವ 8 ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ ಒಟ್ಟು ಉದ್ದದಲ್ಲಿ ಹತ್ತನೇ ಒಂದು ಭಾಗವೂ ಇಲ್ಲ, ಅದು ಹೆಚ್ಚಾಗಿ ಜೆರುಸಲೇಮ್, ಬೆತ್ಲೆಹೆಮ್, ಕಲ್ಕೀಲಿಯಾದಂಥ ಪೇಟೆಗಳ ಹತ್ತಿರ ಮಾತ್ರ. ಬಿಲೀನ್ ಅಂತ ಒಂದು ಹಳ್ಳಿ ಉಂಟು, ಅಲ್ಲಿಯ ರೂಟ್ ಬದಲಿಸ್ಬೇಕು ಅಂತ ಇಸ್ರೇಲಿನ ಹೈಕೋರ್ಟ್ 2007ರ ಸೆಪ್ಟೆಂಬರ್‌ನಲ್ಲಿ ಹೇಳಿ, 2011ರಲ್ಲಿ ಬೇಲಿಯನ್ನು ನಿಜವಾಗಿ ಸರಿಸಿದ್ರು. ಅಲ್ಲಿಯ ರೈತರಿಗೆ ಅದು ವರ್ಷಗಳ ಹೋರಾಟದ ಫಲ, ನಿಮ್ಮ ದಪ್ಪ ಗೆರೆಯಲ್ಲಿ ಅದು ಕಾಣುವುದೇ ಇಲ್ಲ. ಹಾಗಾಗಿ ಗೆರೆ 1 ಮಿ.ಮೀ. ದಾಟದ ಹಾಗೆ ನೋಡಿಕೊಳ್ಳಿ, ಮತ್ತೆ ಬಿಲೀನ್, ಕಲ್ಕೀಲಿಯಾ ಎರಡನ್ನು ಬದಿಯಲ್ಲಿ ಚೌಕ ಹಾಕಿ ದೊಡ್ಡದು ಮಾಡಿ ತೋರಿಸಿ.

ಮಕ್ಕಳೇ ಗೂಗಲ್ ಅರ್ತ್‌ನಲ್ಲಿ ಗೆರೆ ಎಳೆಯುವುದಾದ್ರೆ ತುಂಬ ಒಳ್ಳೇದು, ಅದರಲ್ಲಿ ಹಳೇ ವರ್ಷದ ಚಿತ್ರಗಳನ್ನೂ ಹಿಂದೆ ಹಿಂದೆ ಹೋಗಿ ನೋಡ್ಲಿಕ್ಕೆ ಆಗ್ತದೆ. ಆದರೆ ಅಲ್ಲಿಯ ಹಳೇ ಚಿತ್ರಗಳು ಮಸುಕು ಕಂಡ್ರೆ ನಿಮ್ಮ ಇಂಟರ್ನೆಟ್ ಸ್ಲೋ ಅಂತ ಎಣಿಸ್ಬೇಡಿ. ಅಮೆರಿಕದಲ್ಲಿ 1997ರ ರಕ್ಷಣಾ ಬಜೆಟ್ ಕಾಯ್ದೆಗೆ ಸೇರಿಸಿದ ಕೈಲ್-ಬಿಂಗಮನ್ ತಿದ್ದುಪಡಿ ಅಂತ ಒಂದಿತ್ತು, ಅದರಿಂದಾಗಿ ಅಲ್ಲಿಯ ಕಂಪನಿಗಳು ಈ ಭಾಗದ ಚಿತ್ರವನ್ನು 2 ಮೀಟರಿಗಿಂತ ಸ್ಪಷ್ಟ ಮಾಡಿ ಕೊಡುವ ಹಾಗಿರಲಿಲ್ಲ. 2020ರಲ್ಲಿ ಆ ಮಿತಿಯನ್ನು 0.4 ಮೀಟರಿಗೆ ಇಳಿಸಿದ್ರು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ಫ್ರೀಯಾಗಿ ಸಿಗ್ತದೆ, ಪಿಕ್ಸೆಲ್ 10 ಮೀಟರಿನದ್ದು, ಗುಡ್ಡದಲ್ಲಿ 60 ಮೀಟರ್ ಅಗಲಕ್ಕೆ ಬೋಳಿಸಿದ ಪಟ್ಟಿ ಅದರಲ್ಲಿ ಚಂದ ಕಾಣ್ತದೆ, ಪೇಟೆಯ ಮನೆಗಳ ನಡುವಿನ ತೆಳು ಕಾಂಕ್ರೀಟ್ ಗೋಡೆ ಕಾಣುದಿಲ್ಲ. ಕಾಣದ್ದನ್ನು ಅಂದಾಜಿಗೆ ಜೋಡಿಸ್ಲಿಕ್ಕೆ ಬಿಡ್ಬೇಡಿ, ಅಲ್ಲಿ ಜನರೇ ಸೇರಿ ಮಾಡುವ ಫ್ರೀ ಮ್ಯಾಪ್ ಆದ ಓಪನ್‌ಸ್ಟ್ರೀಟ್‌ಮ್ಯಾಪ್ ನೋಡಿ, ಅವರದ್ದು ನೆಲದ ಮೇಲೆ ಇರುದನ್ನೇ ಹಾಕುವ ಪದ್ಧತಿ, ಪ್ರತಿ ತುಂಡು ಗೆರೆಗೂ ಯಾರು ಯಾವಾಗ ಬದಲಿಸಿದ್ದು ಅಂತ ಹಿಸ್ಟರಿ ಇರ್ತದೆ. ಹಳೇ ಮ್ಯಾಪನ್ನು ಸ್ಕ್ಯಾನ್ ಮಾಡಿ ಕೂರಿಸುವಾಗ ಇನ್ನೊಂದು ಜಾಗ್ರತೆ, ಆ ಕಡೆ ಹಳೇ ಪ್ಯಾಲೆಸ್ಟೀನ್ ಗ್ರಿಡ್ ಬೇರೆ, ಈಗಿನ ಇಸ್ರೇಲ್ ಗ್ರಿಡ್ ಬೇರೆ, ಜಿಪಿಎಸ್‌ನ ಡೇಟಮ್ (ಭೂಮಿಯ ಅಳತೆಗೆ ಹಿಡಿದ ಆಧಾರ) ಬೇರೆ, ಕನ್ವರ್ಟ್ ಮಾಡದೆ ಇಟ್ಟರೆ ಇಡೀ ಗೆರೆ ಪಕ್ಕಕ್ಕೆ ಸರೀತದೆ. ನಮ್ಮಲ್ಲಿ ಎವರೆಸ್ಟ್ ಡೇಟಮ್‌ನ ಹಳೇ ಟೋಪೋಶೀಟ್ ಇಟ್ಟಾಗಲೂ ಇದೇ ಕಥೆ.

ಒಂದು ಮ್ಯಾಪ್ ಸರಿ ಉಂಟಾ ಇಲ್ವಾ ಅಂತ ಬೇಗ ನೋಡ್ಲಿಕ್ಕೆ ನಾನು ಕೆಲವು ಊರು ಇಟ್ಟುಕೊಂಡಿದ್ದೇನೆ, ನೀವೂ ಇಟ್ಟುಕೊಳ್ಳಿ. ಅರಿಯೆಲ್ ಅಂತ ಗ್ರೀನ್ ಲೈನಿನಿಂದ ಸುಮಾರು 20 ಕಿ.ಮೀ. ಒಳಗೆ ಇಸ್ರೇಲಿನವರ ಒಂದು ದೊಡ್ಡ ವಸಾಹತು ಉಂಟು, ಪ್ಲಾನಿನಲ್ಲಿ ಗೋಡೆ ಬೆರಳಿನ ಹಾಗೆ ಅಲ್ಲಿತನಕ ಚಾಚ್ತದೆ, ನೆಲದಲ್ಲಿ ಅದು ಪೂರ್ತಿ ಆಗಿಲ್ಲ. ಮಾಲೆ ಅದುಮೀಮ್ ಅನ್ನುವ ಇನ್ನೊಂದು ವಸಾಹತಿನ ಸುತ್ತ ಕೂಡ ಹಾಗೇ. ಈ ಎರಡು ಕಡೆ ಗಟ್ಟಿ ಗೆರೆ ಕಂಡ್ರೆ ಆ ಮ್ಯಾಪ್ ಪ್ಲಾನನ್ನೂ ಕಟ್ಟಿದ್ದನ್ನೂ ಬೆರೆಸಿದೆ ಅಂತಲೇ ಅರ್ಥ. ಬರ್ತಾಅ ಅನ್ನುವ ಊರಿನ ಪೂರ್ವ ಭಾಗ ಗೋಡೆಗೂ ಗ್ರೀನ್ ಲೈನಿಗೂ ನಡುವೆ ಬರ್ಬೇಕು, ಹಾಗೆ ಬರದಿದ್ರೆ ಎರಡರಲ್ಲಿ ಒಂದು ಗೆರೆ ತಪ್ಪಿದೆ. ಕಲ್ಕೀಲಿಯಾ ಮೂರು ಬದಿಯಿಂದ ಹೆಚ್ಚುಕಮ್ಮಿ ಮುಚ್ಚಿ ಹೋದ ಊರು, ಅಲ್ಲಿ ಗೆರೆ ಸುತ್ತಿಕೊಂಡು ಬರ್ಬೇಕು. ಜೆರುಸಲೇಮಿನಲ್ಲಿ ಮೂರು ಗೆರೆ, ಗ್ರೀನ್ ಲೈನು, ಇಸ್ರೇಲ್ ಹೇಳುವ ನಗರಸಭೆಯ ಗಡಿ, ತಡೆಗೋಡೆ. ಕಫ್ರ್ ಅಕಬ್ ಮತ್ತೆ ಶುಆಫಾತ್ ನಿರಾಶ್ರಿತರ ಶಿಬಿರ ನಗರಸಭೆಯ ಗಡಿಯ ಒಳಗೆ, ಆದರೆ ಗೋಡೆಯ ಹೊರಗೆ. ಅಲ್ಲಿಯ ಜನ ತೆರಿಗೆ ಕಟ್ಟುದು ಒಂದು ಬದಿಗೆ, ಪೇಟೆಗೆ ಹೋಗ್ಲಿಕ್ಕೆ ದಾಟ್ಬೇಕಾದ್ದು ಚೆಕ್‌ಪೋಸ್ಟು. ಸೋಮಾರಿ ಮ್ಯಾಪ್‌ಗಳಲ್ಲಿ ನಗರಸಭೆಯ ಗಡಿ, ಗೋಡೆ ಎರಡನ್ನೂ ಒಂದೇ ಗೆರೆ ಮಾಡಿ ಬಿಡ್ತಾರೆ, ಆಗ ಅಷ್ಟು ಸಾವಿರ ಜನರ ದಿನನಿತ್ಯದ ಕಷ್ಟ ಮ್ಯಾಪಿನಿಂದ ಅಳಿಸಿಯೇ ಹೋಗ್ತದೆ, ನನಗೆ ನಿಜವಾಗಿ ಸಿಟ್ಟು ಬರುದು ಇಲ್ಲಿ.

ಹಾಗಾದ್ರೆ ನೀವು ಎಂತ ಮಾಡ್ಬೇಕು ಅಂದ್ರೆ, ಓಚಾದ ಇತ್ತೀಚಿನ ತಡೆಗೋಡೆ ಮ್ಯಾಪನ್ನು ಆಧಾರ ಮಾಡಿ, ಕಟ್ಟಿದ್ದಕ್ಕೆ ಗಟ್ಟಿ ಗೆರೆ, ಕಟ್ತಾ ಇರುದಕ್ಕೆ ತುಂಡು ಗೆರೆ, ಪ್ಲಾನಿಗೆ ಚುಕ್ಕಿ, ಗ್ರೀನ್ ಲೈನಿಗೆ ಸಪೂರ ಹಸಿರು. ಕೆಳಗೆ ಹೀಗೆ ಬರೀರಿ: "ತಡೆಗೋಡೆಯ ಸ್ಥಿತಿ: ವಿಶ್ವಸಂಸ್ಥೆಯ ಓಚಾ, ಇಂಥ ತಿಂಗಳು ಇಂಥ ವರ್ಷ. ಪ್ಲಾನ್ ರೂಟ್ ಮೂಲ: ಇಸ್ರೇಲ್ ಸರ್ಕಾರ. ರಸ್ತೆ, ಊರು: ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು. ಮರುಚಿತ್ರಣ: ನಿಮ್ಮ ಕಾಲೇಜಿನ ವಿದ್ಯಾರ್ಥಿಗಳು, ತಾರೀಕು." ಓಪನ್‌ಸ್ಟ್ರೀಟ್‌ಮ್ಯಾಪ್ ಹೆಸರು ಹಾಕುದು ಬರೀ ಮರ್ಯಾದೆಗೆ ಅಲ್ಲ, ಅವರ ಲೈಸೆನ್ಸಿನ ಶರತ್ತೇ ಅದು. ಓಚಾದ್ದು ಬಳಸಿದ್ರೂ ಹೆಸರು ಹಾಕ್ಲೇಬೇಕು, ಮತ್ತೆ ನೀವು ಎಂತಾದರೂ ಬದಲಿಸಿದ್ರೆ ಬದಲಿಸಿದ್ದು ನಾವು ಅಂತಲೂ ಬರೀಬೇಕು.

ಕೊನೇದು ನಮ್ಮ ದೇಶದ ಮ್ಯಾಪು, ಇದರಲ್ಲಿ ಮಾತ್ರ ಸ್ವಲ್ಪವೂ ಅಸಡ್ಡೆ ಮಾಡ್ಬೇಡಿ. ಹೊರದೇಶದ ಸೈಟುಗಳಲ್ಲಿ ಜಮ್ಮು ಕಾಶ್ಮೀರವನ್ನು ಚುಕ್ಕಿಗೆರೆ ಹಾಕಿ ತೋರಿಸಿರ್ತಾರೆ, ಗೂಗಲ್ ಮ್ಯಾಪ್ ಕೂಡ ನೀವು ಭಾರತದಿಂದ ನೋಡಿದ್ರೆ ಒಂದು ತರ, ಬೇರೆ ದೇಶದಿಂದ ನೋಡಿದ್ರೆ ಇನ್ನೊಂದು ತರ ತೋರಿಸ್ತದೆ. ಸರ್ವೆ ಆಫ್ ಇಂಡಿಯಾದ ಮ್ಯಾಪಿಗೆ ಹೊಂದದ ಭಾರತದ ನಕ್ಷೆ ಪ್ರಕಟಿಸಿದ್ರೆ 1961ರ ಕ್ರಿಮಿನಲ್ ಲಾ ತಿದ್ದುಪಡಿ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲ ದಂಡ, ಇಲ್ಲ ಎರಡೂ ಅಂತ ಉಂಟು. ಕಾಲೇಜಿನ ಫ್ಲೆಕ್ಸಿಗೆ ಯಾರೂ ಬರುದಿಲ್ಲ ಅಂತ ಕೂರ್ಬೇಡಿ, ಒಂದು ಫೋಟೋ ವಾಟ್ಸಾಪಿಗೆ ಹೋದ್ರೆ ಸಾಕು. ಸರ್ವೆ ಆಫ್ ಇಂಡಿಯಾದವರೇ ಔಟ್‌ಲೈನ್ ಮ್ಯಾಪನ್ನು ಫ್ರೀಯಾಗಿ ಡೌನ್‌ಲೋಡಿಗೆ ಇಟ್ಟಿದ್ದಾರೆ, ಅದನ್ನೇ ತೆಗೊಳ್ಳಿ. ನಿಯಂತ್ರಣ ರೇಖೆಯ ಬೇಲಿ, ಸುಮಾರು 740 ಕಿ.ಮೀ. ರೇಖೆಯಲ್ಲಿ 550 ಕಿ.ಮೀ.ಯಷ್ಟು, 2004ರ ಹೊತ್ತಿಗೆ ಹಾಕಿದ್ದು, ಅದರ ಗೆರೆಯನ್ನು ಮಕ್ಕಳ ಹತ್ರ ಸ್ಯಾಟಲೈಟಿನಿಂದ ಟ್ರೇಸ್ ಮಾಡಿಸ್ಲಿಕ್ಕೆ ಹೋಗ್ಬೇಡಿ, ಸೈನ್ಯದ ವಿಷಯ ಅದು. ನನ್ನ ಅಭಿಪ್ರಾಯ ಕೇಳಿದ್ರೆ ಬಾಂಗ್ಲಾ ಗಡಿಯ ಬೇಲಿ ತೋರಿಸಿ. 1975ರ ಎರಡೂ ದೇಶದ ಗಡಿ ಮಾರ್ಗಸೂಚಿಯ ಪ್ರಕಾರ ಗಡಿಯಿಂದ 150 ಗಜದ ಒಳಗೆ ರಕ್ಷಣಾ ಕಟ್ಟಡ ಕಟ್ಟುವ ಹಾಗಿಲ್ಲ, ಹಾಗಾಗಿ ಹೆಚ್ಚಿನ ಕಡೆ ಬೇಲಿ ನಮ್ಮ ನೆಲದಲ್ಲೇ ಅಷ್ಟು ಹಿಂದೆ ನಿಂತಿದೆ, ಬೇಲಿಗೂ ಗಡಿಗೂ ನಡುವೆ ನಮ್ಮದೇ ರೈತರ ಗದ್ದೆ ಉಂಟು, ಕೆಲವು ಕಡೆ ಮನೆಯೂ ಉಂಟು, ಗೇಟು ತೆರೆಯುವ ಹೊತ್ತಿಗೆ ಹೋಗಿ ಬರ್ಬೇಕು. ಅಲ್ಲಿ ಗಡಿಯ ಬಗ್ಗೆ ಎರಡು ದೇಶಕ್ಕೂ ಒಪ್ಪಿಗೆ ಉಂಟು, 2015ರಲ್ಲಿ ಒಬ್ಬರ ನೆಲದೊಳಗೆ ಸಿಕ್ಕಿದ್ದ ಇನ್ನೊಬ್ಬರ 162 ತುಂಡು ಭೂಭಾಗ ಅದಲು ಬದಲು ಮಾಡಿ ಮುಗಿಸಿದ್ದಾರೆ, ಆದ್ರೂ ಬೇಲಿ ಗಡಿಯ ಮೇಲೆ ಇಲ್ಲ. ಫ್ಲೆಕ್ಸಿನ ಆ ಅಳತೆಯಲ್ಲಿ 150 ಗಜವನ್ನು ಗೆರೆಯಾಗಿ ತೋರಿಸ್ಲಿಕ್ಕೆ ಆಗುದಿಲ್ಲ, ಬದಿಯಲ್ಲಿ ಒಂದು ಸಣ್ಣ ಅಡ್ಡಕೊಯ್ತದ ಚಿತ್ರ ಬರೆಸಿ, ಗಡಿಕಂಬ, ಗದ್ದೆ, ಬೇಲಿ, ರಸ್ತೆ ಇಷ್ಟು ಸಾಕು. ಪ್ರಿಂಟಿಗೆ ಕೊಡುವ ಮೊದಲು ಪಿಡಿಎಫ್ ನನಗೊಮ್ಮೆ ಕಳಿಸಿ, ಅರಿಯೆಲ್ ಮತ್ತೆ ಕಫ್ರ್ ಅಕಬ್ ಎರಡು ಕಡೆ ನೋಡಿ ಹೇಳ್ತೇನೆ.